ಮಾರ್ಜಿನ್ ಯಾವುದರ ಮೇಲೆ?

ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆ ಕಡೆ ಅಂಗಡಿ ಲೆಕ್ಕ ಬರೆಯಲು ಸೇರುವ ಹುಡುಗರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಮಾರ್ಜಿನ್ ಲೆಕ್ಕ. ‘ಇಪ್ಪತ್ತೈದು ಪರ್ಸೆಂಟ್ ಮಾರ್ಜಿನ್ ಇಟ್ಟು ರೇಟು ಹಾಕಪ್ಪ’ ಎನ್ನುವ ಸಾವ್ಕಾರರ ತಲೆಯಲ್ಲಿ ಸಾಮಾನ್ಯವಾಗಿ ಇರುವುದು ಅಸಲಿನ ಮೇಲೆ ಇಪ್ಪತ್ತೈದು. ಅದು ಮಾರ್ಕಪ್. ಮಾರ್ಜಿನ್ ನೋಡುವುದು ಮಾರಿದ ಬೆಲೆಯ ಮೇಲೆ.

ಸೀರೆಯೊಂದರ ಬಿಲ್ ರೇಟು 780 ರೂಪಾಯಿ, ಲಾರಿ ಬಾಡಿಗೆ, ಹಮಾಲಿ ಸೇರಿ 20. ಅಸಲು 800. ಖರೀದಿಯ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ (ಮಾರಾಟದ ಮೇಲೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಹಾಗೆ) ಸಿಗುವುದರಿಂದ ಇದಕ್ಕೆ ಸೇರಿಸಬಾರದು. ಕಾಂಪೋಸಿಷನ್‌ನಲ್ಲಿರುವ, ಅಂದರೆ ಸಣ್ಣ ವ್ಯಾಪಾರಿಗಳಿಗಿರುವ ಸರಳ ಜಿಎಸ್‌ಟಿ ಯೋಜನೆಯಲ್ಲಿರುವ ಅಂಗಡಿಗೆ ಆ ಕ್ರೆಡಿಟ್ ಇಲ್ಲ, ಅಲ್ಲಿ ಸೇರಿಸಲೇಬೇಕು. 800ಕ್ಕೆ ಶೇ. 25 ಏರಿಸಿದರೆ 1000. ಲಾಭ 200, ಅಂದರೆ ಮಾರ್ಜಿನ್ ಶೇ. 20 ಮಾತ್ರ. ನಿಜಕ್ಕೂ ಶೇ. 25 ಬೇಕಿದ್ದರೆ 800ನ್ನು 0.75ರಿಂದ ಭಾಗಿಸಿ: ಸುಮಾರು 1067.

ಪೆಟ್ಟು ಬೀಳುವುದು ದೀಪಾವಳಿ ಡಿಸ್ಕೌಂಟಿನಲ್ಲಿ. ‘ಇಪ್ಪತ್ತೈದು ಇದೆಯಲ್ಲ, ಇಪ್ಪತ್ತು ಬಿಟ್ಟರೂ ಐದು ಉಳಿಯುತ್ತೆ’ ಅಂತ ಬೋರ್ಡು ಹಾಕಿಸುತ್ತಾರೆ. 1000ಕ್ಕೆ ಶೇ. 20 ಬಿಟ್ಟರೆ ಕೈಗೆ ಬರುವುದು 800, ಅಸಲಷ್ಟೇ. ಬಾಡಿಗೆ, ಕರೆಂಟು, ಹುಡುಗರ ಸಂಬಳ ಎಲ್ಲ ಮೈಮೇಲೆ. ಚೀಟಿಯ ಮೇಲಿನ 1000 ಜಿಎಸ್‌ಟಿ ಸೇರಿದ ಬೆಲೆಯಾಗಿದ್ದರಂತೂ ಇನ್ನೂ ಕಷ್ಟ: ಸೀರೆಗೆ ಶೇ. 5 ತೆರಿಗೆ ತೆಗೆದರೆ ಅಂಗಡಿಗೆ ಉಳಿಯುವುದು 952, ಡಿಸ್ಕೌಂಟ್ ಕೊಡುವ ಮೊದಲೇ ಮಾರ್ಜಿನ್ ಶೇ. 16ಕ್ಕೆ ಇಳಿದಿರುತ್ತದೆ.

ಬ್ಯಾಂಕಿನವರು ಮಾರ್ಜಿನ್ ಅಂದರೆ ಮಾತೇ ಬೇರೆ; ಅಲ್ಲಿ ಲಾಭದ ಸುದ್ದಿಯೇ ಇಲ್ಲ. ಸಿಸಿ (ಕ್ಯಾಶ್ ಕ್ರೆಡಿಟ್, ಸರಕಿನ ಆಧಾರದ ಮೇಲೆ ಕೊಡುವ ಸಾಲ) ಖಾತೆಯಲ್ಲಿ ಸರಕಿನ ಮೇಲೆ ನೀವು ಹಾಕಬೇಕಾದ ಸ್ವಂತ ಪಾಲು ಅದು. ಸರಕು 20 ಲಕ್ಷ, ಅದರಲ್ಲಿ ಸಪ್ಲೈಯರಿಗೆ ಕೊಡಬೇಕಾದ ಬಾಕಿ 6 ಲಕ್ಷ ಕಳೆದರೆ 14. ಶೇ. 25 ಮಾರ್ಜಿನ್ ಎಂದರೆ ಮೂರೂವರೆ ಲಕ್ಷ ಹೋಗಿ, ಡ್ರಾಯಿಂಗ್ ಪವರ್, ಅಂದರೆ ಖಾತೆಯಿಂದ ಎಳೆಯಬಹುದಾದ ಮೊತ್ತ, 10.5 ಲಕ್ಷ. ಲಿಮಿಟ್ 12 ಲಕ್ಷ ಮಂಜೂರಾಗಿದ್ದರೂ ಎಳೆಯಬಹುದಾದದ್ದು ಇಷ್ಟೇ. ಬ್ಯಾಂಕಿಗೆ ಕೊಡುವ ಸರಕಿನ ಲೆಕ್ಕದಲ್ಲಿ (ಸ್ಟಾಕ್ ಸ್ಟೇಟ್‌ಮೆಂಟ್) ಸರಕಿಗೆ ಮಾರಾಟದ ಬೆಲೆ ಕಟ್ಟಿ ಕಳಿಸುವವರಿದ್ದಾರೆ, ಅದು ತಪ್ಪು. ಅಸಲು ಅಥವಾ ಈಗಿನ ಮಾರುಕಟ್ಟೆ ಬೆಲೆ, ಯಾವುದು ಕಡಿಮೆಯೋ ಅದನ್ನೇ ಬರೆಯಬೇಕು. ಡ್ರಾಯಿಂಗ್ ಪವರ್ ಮೀರಿದ ಬಾಕಿ ಸತತ 90 ದಿನ ಹಾಗೇ ನಿಂತರೆ ಖಾತೆ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ) ಆಗುತ್ತದೆ, ಲಿಮಿಟ್ ಒಳಗೇ ಇದ್ದರೂ.