ಮ್ಯಾಟ್ ಎತ್ತಿ ನೋಡಿ

ನವೆಂಬರ್ 16, 2025, ಭಾನುವಾರ

ಚಿಕ್ಕಪ್ಪನಿಗೆ ಕುದುರೆ ಟ್ರೇಲರ್ ಬೇಕಂತೆ. ದೊಡ್ಡಬಳ್ಳಾಪುರದ ತೋಟದಲ್ಲಿ ರೇಸ್ ಬಿಟ್ಟ ಎರಡು ಕುದುರೆಗಳಿವೆ. ರಾತ್ರಿ ಹೊತ್ತು ಒಂದಕ್ಕೆ ಹೊಟ್ಟೆನೋವು ಬಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಸಾಗಿಸಲು ಬಾಡಿಗೆ ಲಾರಿ ಸಿಗಬೇಕಲ್ಲ!

ಇವತ್ತು ಹೊಸಕೋಟೆ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ನೋಡಿದೆವು. ಎರಡು ಕುದುರೆ ನಿಲ್ಲುವಷ್ಟು ಜಾಗ, ಫಳಫಳ ಬಣ್ಣ. ಮಾಲೀಕರು ಅಲಾಯ್ ವೀಲ್ ತೋರಿಸುತ್ತಿದ್ದರೆ ನಮ್ಮ ಕುದುರೆ ನೋಡಿಕೊಳ್ಳುವ ಸೈಸ್ ಭಾಯ್ ಸೀದಾ ಒಳಗೆ ಹೋಗಿ ರಬ್ಬರ್ ಮ್ಯಾಟ್ ಎತ್ತಿದರು. ಕೆಳಗೆ ಮರದ ಹಲಗೆ. ಮೂಲೆಯಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಗಂಜಲ ಮ್ಯಾಟ್ ಕೆಳಗೇ ನಿಂತು ಮರ ಕೊಳೆತಿದೆ. ರೇಸ್ ಕುದುರೆ ಅಂದರೆ 450–500 ಕೆ.ಜಿ. ಗಾಡಿ ಓಡುವಾಗ ಹಲಗೆ ಮುರಿದರೆ ಕಾಲು ರಸ್ತೆಗೇ ಬೀಳುತ್ತದೆ.

ಒಳಗೆ ಉಳಿದದ್ದು ಪರವಾಗಿಲ್ಲ. ಕುದುರೆ ದಾರಿಯುದ್ದಕ್ಕೂ ನಿಂತೇ ಇರುತ್ತದೆ, ತಿರುವಿನಲ್ಲಿ ಕಾಲು ಅಗಲಿಸಿ ಸಂಭಾಳಿಸುತ್ತದೆ. ಹಾಗಾಗಿ ನಡುವಿನ ಅಡ್ಡಗೋಡೆ ನೆಲದವರೆಗೂ ಇರಬಾರದು. ಇಲ್ಲಿ ಇರಲಿಲ್ಲ. ಕಿಟಕಿಗಳೂ ದೊಡ್ಡವು. ಕತ್ತಲೆ ಗೂಡಿನೊಳಗೆ ನಮ್ಮ ಹೆಣ್ಣು ಕುದುರೆ ಸುತಾರಾಂ ಹತ್ತಲ್ಲ.

ಚಿಕ್ಕಪ್ಪ, "ನನ್ನ ಜೀಪು ಆರಾಮಾಗಿ ಎಳೆಯುತ್ತೆ ಬಿಡೋ" ಅಂದರು. ಎಳೆಯುತ್ತೆ, ಸರಿ. ನಿಲ್ಲಿಸಬೇಕಲ್ಲ? ಎರಡು ಕುದುರೆ ಒಂದು ಟನ್, ಟ್ರೇಲರ್ ಇನ್ನೊಂದು ಟನ್ ಹತ್ತಿರ. ಟ್ರೇಲರ್‌ಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಹಂಪ್ ಕಂಡಾಗಲೆಲ್ಲ ಆ ಭಾರ ಹಿಂದಿನಿಂದ ನೂಕುತ್ತದೆ. ಹಂಪ್‌ಗೇನು, ನಮ್ಮೂರಲ್ಲಿ ಬರವೇ? ಇದರಲ್ಲಿ ಬ್ರೇಕ್ ಇದೆ, ಆದರೆ ಕೇಬಲ್ ತುಕ್ಕು ಹಿಡಿದಿದೆ. ಇನ್ನು ವೇಗದ ಮಾತು. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಕುದುರೆ ಸಾಗಿಸುವ ಗಾಡಿ ಗಂಟೆಗೆ 35 ಕಿ.ಮೀ. ದಾಟಬಾರದು. ಸಾಯಂಕಾಲ ಹೆಬ್ಬಾಳ ಫ್ಲೈಓವರ್ ಮೇಲೆ ದಾಟು ಅಂದರೂ ಆಗಲ್ಲ, ಅಲ್ವಾ?

ಟ್ರೇಲರ್‌ಗೆ ಬೇರೆಯೇ ರಿಜಿಸ್ಟ್ರೇಷನ್ ಬೇಕು. ಆರ್‌ಸಿ ಕೇಳಿದರೆ ಮಾಲೀಕರು, "ಆಮೇಲೆ ಕೊಡಿಸ್ತೀನಿ ಸಾರ್, ಅಡ್ವಾನ್ಸ್ ಕೊಟ್ಟು ಹೋಗಿ" ಅಂದರು. ಚಿಕ್ಕಪ್ಪನ ಕೈ ಜೇಬಿಗೆ ಹೋಗಿತ್ತು. ನಾನು ಚಹಾ ಕುಡಿಯೋಣ ಬನ್ನಿ ಅಂತ ಎಳೆದುಕೊಂಡು ಬಂದೆ. ಹೊಸ ಹಲಗೆ, ಹೊಸ ಕೇಬಲ್, ಕೈಗೆ ಆರ್‌ಸಿ. ಆಮೇಲೆ ರೇಟು ಮಾತಾಡೋಣ ಅಂತ ಈಗಷ್ಟೇ ಮಾಲೀಕರಿಗೆ ಮೆಸೇಜ್ ಹಾಕಿದ್ದೇನೆ.