ನೀರಲ್ಲಿ ಹಾಕಿದ ಉಪ್ಪಿನಕಾಯಿ

ನಮ್ಮವ್ವನ ಉಪ್ಪಿನಕಾಯಿ ಕಾಯ್ದೆಯಲ್ಲಿ ಮೊದಲ ಕಲಮೇ ನೀರು ತಾಗಬಾರದು ಅನ್ನೋದು. ಜಾಡಿ ಬಿಸಿಲಲ್ಲಿ ಒಣಗಿರಬೇಕು, ಚಮಚ ಒಣಗಿರಬೇಕು, ಒದ್ದೆ ಕೈಯವರು ಆ ಕಡೆ ಸುಳಿಯಲೇಬಾರದು. ಅಂಥ ಮನೆಯಲ್ಲಿ ನಾನು ಹೆಚ್ಚಿದ ಹಸಿ ಶುಂಠಿಯ ಮೇಲೆ ಬೇಕಂತಲೇ ನೀರು ಸುರಿದೆ.

"ನೀರಾಗ ಉಪ್ಪಿನಕಾಯಿ ಹಾಕೋದು ಎಲ್ಲಿ ಕಂಡೀ? ಎಣ್ಣಿ ಇಲ್ಲ, ಖಾರ ಇಲ್ಲ. ಹಸಿ ಅಲ್ಲ ಸುಮ್ನ ಹಾಳ ಮಾಡಾಕತ್ತಿ" ಅಂದಳು ಅವ್ವ. ನಮ್ಮ ಕಡೆ ಶುಂಠಿಗೆ 'ಅಲ್ಲ' ಅನ್ನುತ್ತಾರೆ.

ಮಳೆಗಾಲ ಮುಗಿಯುತ್ತಾ ಬಂದಿತ್ತು. ರಾಯಚೂರಿನ ಮಾರ್ಕೆಟ್ಟಿಗೆ ಎಳೆ ಶುಂಠಿ ಬಂದಿತ್ತು. ಉಗುರಲ್ಲಿ ಕೆರೆದರೆ ಸಿಪ್ಪೆ ಬರುವಷ್ಟು ಎಳೆಯದು, ಮುರಿದರೆ ನಾರು ಎಳೆಯದೆ ಟಕ್ಕಂತ ಮುರಿಯುತ್ತಿತ್ತು. ಈ ಕೆಲಸಕ್ಕೆ ಬಲಿತ ಶುಂಠಿ ಬೇಡವೇ ಬೇಡ, ಹುಳಿ ಬಂದರೂ ನಾರು ನಾರಾಗೇ ಉಳಿಯುತ್ತದೆ. ಕಾಲು ಕೆಜಿ ತಂದು ತೆಳ್ಳಗೆ ಹೆಚ್ಚಿ ಗಾಜಿನ ಬಾಟಲಿಗೆ ತುಂಬಿದೆ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಕಲ್ಲುಪ್ಪು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದಲ್ವಾ, ಅದಕ್ಕೆ ಕಾಯಿಸಿ ಪೂರ್ತಿ ಆರಿಸಿ ಹಾಕಿದೆ. ತುಂಡುಗಳು ಮೇಲೆ ತೇಲದಂತೆ ಒಂದು ಸಣ್ಣ ಗಾಜಿನ ಬಟ್ಟಲು ಅದುಮಿಟ್ಟೆ.

ಅವ್ವನ ಭಯ ಸುಳ್ಳಲ್ಲ. ಎಣ್ಣೆ, ಖಾರ, ಜಾಸ್ತಿ ಉಪ್ಪು ಹಾಕಿದ ಉಪ್ಪಿನಕಾಯಿಗೆ ನೀರು ಸೇರಿದರೆ ಉಪ್ಪು ತೆಳುವಾಗಿ ಬೂಷ್ಟು ಬರುತ್ತದೆ. ಅಲ್ಲಿ ಏನೂ ಬೆಳೆಯದಂತೆ ಮಾಡುವುದೇ ಕೆಲಸ. ಇಲ್ಲಿ ಉಪ್ಪು ಕಮ್ಮಿ. ಕೆಡಿಸುವ ಜೀವಿಗಳನ್ನು ತಡೆಯುವಷ್ಟು, ಹುಳಿ ಬರಿಸುವ ಬ್ಯಾಕ್ಟೀರಿಯಾ ಬದುಕುವಷ್ಟು. ಅವು ಶುಂಠಿಯಲ್ಲಿರುವ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ, ಆಮೇಲೆ ಆ ಹುಳಿಯೇ ಕಾವಲು ಕಾಯುತ್ತದೆ. ಇಡ್ಲಿ ಹಿಟ್ಟು ಉಬ್ಬುವುದೂ ಇದೇ ಬಳಗದಿಂದ. ಅದನ್ನೇ ಹೇಳಿದೆ. "ಹಿಟ್ಟು ಬ್ಯಾರೆ, ಇದು ಬ್ಯಾರೆ" ಅಂದಳು ಅವ್ವ.

ನಮ್ಮೂರ ಸೆಕೆಗೆ ಇದು ಬೇಗ ಹುಳಿಯುತ್ತದೆ. ಬೇಗ ಆದರೆ ರುಚಿ ಒರಟು. ಹಾಗಾಗಿ ಬಾಟಲಿಯನ್ನು ನೀರಿನ ತಟ್ಟೆಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿ, ಕುಡಿಯುವ ನೀರಿನ ಗಡಿಗೆಯ ಪಕ್ಕ ನೆರಳಲ್ಲಿಟ್ಟೆ. ಎರಡನೇ ದಿನಕ್ಕೆ ಗುಳ್ಳೆ ಶುರುವಾದವು. ಮುಚ್ಚಳ ಸಡಿಲಿಸಿದರೆ ಟುಸ್ ಅಂತ ಗಾಳಿ. ನೀರು ಮಸುಕಾಯಿತು, ಅದು ಸರಿಯಾದ ಲಕ್ಷಣವೇ.

ಆಮೇಲೆ ಮೇಲೊಂದು ತೆಳು ಬಿಳಿ ಪೊರೆ ಕಟ್ಟಿತು. ಅವ್ವ ಬಾಟಲಿ ಎತ್ತಿಕೊಂಡು ಸೀದಾ ಮೋರಿ ಕಡೆ ಹೊರಟಳು! ತಡೆದು ಬೆಳಕಿಗೆ ಹಿಡಿದು ತೋರಿಸಿದೆ. ಚಪ್ಪಟೆಯಾಗಿ, ಬಿಳಿಯಾಗಿ ಸುಕ್ಕು ಸುಕ್ಕಾಗಿದ್ದರೆ ಅದು ಒಂದು ಜಾತಿಯ ಯೀಸ್ಟ್, ತೆಗೆದು ಹಾಕಿದರೆ ಆಯಿತು. ಹತ್ತಿಯಂತೆ ಎದ್ದು ನಿಂತಿದ್ದರೆ, ಹಸಿರು ಅಥವಾ ಕಪ್ಪು ಇದ್ದರೆ ಬೂಷ್ಟು. ಅದಾದರೆ ನಾನೇ ಚೆಲ್ಲುತ್ತಿದ್ದೆ. ಮೂಸಿ ನೋಡಿದಳು. ಹುಳಿ ವಾಸನೆ, ಕೊಳೆತ ವಾಸನೆ ಅಲ್ಲ. ವಾಪಸ್ ಇಟ್ಟಳು.

ವಾರ ಕಳೆದ ಮೇಲೆ ಜೋಳದ ರೊಟ್ಟಿ, ಗುರೆಳ್ಳು ಪುಡಿ, ಮೊಸರಿನ ಜೊತೆ ನಂಚಿಕೊಂಡೆವು. ಕಚ್ಚಿದರೆ ಕರುಮ್ ಅನ್ನುತ್ತದೆ, ಮೊದಲು ಹುಳಿ, ಆಮೇಲೆ ನಿಧಾನಕ್ಕೆ ಖಾರ ಏರುತ್ತದೆ. ಹಸಿ ಶುಂಠಿಯ ಗಂಟಲು ಹಿಡಿಯುವ ಘಾಟು ಇಳಿದಿತ್ತು. ಅವ್ವ ಏನೂ ಹೇಳಲಿಲ್ಲ, ಆದರೆ ಎರಡನೇ ಸಲ ಬಡಿಸಿಕೊಂಡಳು. ಇಷ್ಟವಾಗದ್ದನ್ನು ಅವಳು ತಟ್ಟೆಯಂಚಿಗೆ ಸರಿಸುವವಳು.

ಈಗ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟಿದ್ದೇನೆ, ಅಲ್ಲಿ ಹುಳಿ ಏರುವುದು ನಿಧಾನ. ಉಳಿದ ನೀರನ್ನು ಮಜ್ಜಿಗೆಗೆ ಒಂದೊಂದು ಚಮಚ ಹಾಕಬೇಕು ಅಂದುಕೊಂಡಿದ್ದೆ. ನಿನ್ನೆ ತೆಗೆದು ನೋಡಿದರೆ ಅದರಲ್ಲಿ ಸೀಳಿದ ಹಸಿಮೆಣಸಿನಕಾಯಿ. "ಹುಳಿ ನೀರು ಚೆಲ್ಲಾಕ ಮನಸ್ಸಾಗಲಿಲ್ಲ" ಅಂದಳು ಅವ್ವ, ನನ್ನ ಮುಖ ನೋಡದೆ. ಕಾಯಿ ಮೇಲೆ ತೇಲುತ್ತಿದ್ದವು. ಬಟ್ಟಲು ಹುಡುಕಿ ಅದುಮಿಟ್ಟೆ.