ಮಗಳನ್ನು ಕಿಜಾಬೆಗೆ ಬಿಟ್ಟು ಬಂದದ್ದು

ಸಾಕ್ಸಿಗೂ ಹೆಸರಿನ ಪಟ್ಟಿ ಹೊಲಿದಿರಬೇಕಂತೆ. ಶಾಲೆಯಿಂದ ಬಂದ ಯಾದಿಯಲ್ಲಿ ಹಾಗೇ ಇತ್ತು. ಲೋಡ್ವಾರ್‌ನಲ್ಲಿ ಆಗಸ್ಟ್ ಕೊನೆಯ ಸೆಕೆ. ಹೊರಗೆ 37 ಡಿಗ್ರಿ, ನನ್ನ ಕೈಯಲ್ಲಿ ಉಣ್ಣೆಯ ಸಾಕ್ಸ್. ಮಗಳು ಮಂಚದ ಮೇಲೆ ಬಿದ್ದುಕೊಂಡು ನೋಡುತ್ತಿದ್ದಳು.

"ನನ್ನ ಸಾಕ್ಸ್ ಕದಿಯುವವರು ಯಾರಮ್ಮ?"

"ಕದಿಯುವುದಕ್ಕಲ್ಲ ಮಾರಾಯ್ತಿ. ಒಗೆಯುವಲ್ಲಿ ಎಲ್ಲರದ್ದೂ ಒಟ್ಟಾಗ್ತದೆ."

"ಹಾಗಾದ್ರೆ ನನಗೂ ಒಂದು ಹೊಲಿದುಬಿಡು."

ನಾವು ಮಂಗಳೂರಿನವರು. ಗಂಡ ಕೀನ್ಯಾದ ಉತ್ತರದ ತುರ್ಕಾನಾ ಸೀಮೆಯ ಲೋಡ್ವಾರ್‌ನಲ್ಲಿ ಮಿಷನ್ ಆಸ್ಪತ್ರೆಯ ಸರ್ಜನ್. ನಾನು ಅಲ್ಲೇ ನರ್ಸ್ ಹುಡುಗಿಯರಿಗೆ ಪಾಠ ಮಾಡುತ್ತೇನೆ. ಇಲ್ಲಿ ಮನೆಮನೆಯಲ್ಲೂ ನಾಯಿಗಳು. ಅವುಗಳಿಂದ ಬರುವ ಹೈಡಾಟಿಡ್ ಎಂಬ ಕಾಯಿಲೆಗೆ ತುರ್ಕಾನಾ ಜಗತ್ತಿನಲ್ಲೇ ಕುಖ್ಯಾತ. ಲಿವರ್‌ನಲ್ಲಿ ನೀರು ತುಂಬಿದ ಗೆಡ್ಡೆ ಬೆಳೆದು, ಹೊಟ್ಟೆ ಬಸುರಿಯ ಹಾಗೆ ಊದಿದ ಮೇಲೆ ಜನ ಆಸ್ಪತ್ರೆಗೆ ಬರುತ್ತಾರೆ. ಅದನ್ನು ಒಡೆಯದಂತೆ ತೆಗೆಯುವುದು ನನ್ನ ಗಂಡನ ಕೆಲಸ. ಈ ಕೆಲಸ ಬಿಟ್ಟು ಊರಿಗೆ ಬರುವುದು ಸುಲಭವಲ್ಲ ಅನ್ನುವುದಕ್ಕೆ ಇಷ್ಟು ಹೇಳಿದೆ.

ಆರನೇ ಕ್ಲಾಸಿನವರೆಗೆ ಮಗಳಿಗೆ ಮನೆಯಲ್ಲೇ ಪಾಠ. ಆಮೇಲೆ ಗಣಿತ ನನ್ನ ಕೈ ಮೀರಿತು. ಅದಕ್ಕಿಂತ ಜಾಸ್ತಿ, ಅವಳಿಗೆ ಜೊತೆಯ ಮಕ್ಕಳು ಬೇಕಿತ್ತು. ಮಂಗಳೂರಿನಲ್ಲಿ ನನ್ನ ಅಮ್ಮನ ಹತ್ತಿರ ಬಿಡಬಹುದಿತ್ತು. ಹಾಗೆ ಮಾಡಿದರೆ ವರ್ಷಕ್ಕೊಂದು ಸಲ ಮುಖ ನೋಡುವುದು. ಕಿಜಾಬೆಯ ರಿಫ್ಟ್ ವ್ಯಾಲಿ ಅಕಾಡೆಮಿ ಕೀನ್ಯಾದಲ್ಲೇ ಇರುವ ವಸತಿ ಶಾಲೆ, ಅಲ್ಲಿ ವರ್ಷಕ್ಕೆ ಮೂರು ಟರ್ಮ್. ಏಪ್ರಿಲ್, ಆಗಸ್ಟ್, ಡಿಸೆಂಬರ್‌ನಲ್ಲಿ ಮಕ್ಕಳು ಮನೆಗೆ ಬರುತ್ತಾರೆ. ಆ ಲೆಕ್ಕ ನಮ್ಮನ್ನು ಒಪ್ಪಿಸಿತು.

ಲೋಡ್ವಾರ್‌ನಿಂದ ರಸ್ತೆ ಮರಳುಗಾಡು ದಾಟಿ ಮಾರಿಚ್ ಕಣಿವೆಯಲ್ಲಿ ಮೇಲೇರುತ್ತದೆ. ಕಪೆಂಗುರಿಯಾ ಬರುವಷ್ಟರಲ್ಲಿ ಕಿಟಕಿ ಏರಿಸಬೇಕು. ಕಿಟಾಲೆ, ಎಲ್ಡೊರೆಟ್, ಭೂಮಧ್ಯರೇಖೆಯ ಬೋರ್ಡು, ನಕುರು, ನೈವಾಶಾ. ಸೀಟಿನ ಹಿಂದೆ ಟ್ರಂಕು, ಅದರ ಮೇಲೆ ಮಡಿಸಿದ ಕಂಬಳಿ, ಕಂಬಳಿಯ ಮೇಲೆ ತಲೆಯಿಟ್ಟು ಮಗಳು. ನಿದ್ದೆ ಬಂದವರ ಹಾಗೆ ನಟಿಸುತ್ತಿದ್ದಳು. ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಕಿಜಾಬೆ ಇರುವುದು ರಿಫ್ಟ್ ಕಣಿವೆಯ ಅಂಚಿನಲ್ಲಿ, ಸಮುದ್ರ ಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದ ಇಳಿಜಾರಿನಲ್ಲಿ. ಕೆಳಗೆ ಲಾಂಗೊನೊಟ್ ಜ್ವಾಲಾಮುಖಿಯ ಬಾಯಿ ಕಾಣುತ್ತದೆ. ಗಾಳಿ ಒಂದೇ ಸಮ. ಆಫ್ರಿಕಾ ಇನ್‌ಲ್ಯಾಂಡ್ ಮಿಷನ್‌ನವರು 1906ರಲ್ಲಿ ತಮ್ಮ ಮಕ್ಕಳಿಗಾಗಿ ಶುರುಮಾಡಿದ ಶಾಲೆ ಇದು. ಹಳೆಯ ಕಟ್ಟಡಕ್ಕೆ 1909ರಲ್ಲಿ ಅಡಿಗಲ್ಲಿಟ್ಟದ್ದು ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್. ಸಿಂಹ, ಆನೆ ಹೊಡೆಯಲು ಬಂದವರು ಶಾಲೆಗೂ ಒಂದು ಕಲ್ಲಿಟ್ಟು ಹೋದರು, ಆ ಕಾಲವೇ ಹಾಗೆ.

ಡಾರ್ಮ್‌ನಲ್ಲಿ ಎಲ್ಲ ಕೆಲಸ ನಾನೇ ಮಾಡುತ್ತೇನೆ ಅಂದುಕೊಂಡು ಹೋಗಿದ್ದೆ. ಹಾಸಿಗೆ ಹಾಸುವುದು, ಬೀರುವಿನಲ್ಲಿ ಬಟ್ಟೆ ಜೋಡಿಸುವುದು, ಉಪ್ಪಿನಕಾಯಿ ಬಾಟಲಿಗೆ ಜಾಗ ಹುಡುಕುವುದು. ಆ ಕೋಣೆಯಲ್ಲಿ ಆಗಲೇ ಒಬ್ಬಳು ಕೊರಿಯಾದ ಹುಡುಗಿ ಇದ್ದಳು. ಅವಳ ಅಪ್ಪ ಅಮ್ಮ ಇಥಿಯೋಪಿಯಾದಲ್ಲಿ. ಎರಡನೇ ಕ್ಲಾಸಿನಿಂದಲೂ ಅವಳು ಹಾಸ್ಟೆಲಿನಲ್ಲೇ ಬೆಳೆದವಳು. ನಾನು ಹೊದಿಕೆ ಎಳೆದು ಸರಿ ಮಾಡುತ್ತಿದ್ದರೆ ಬಾಗಿಲಿಗೊರಗಿ ನೋಡಿದಳು. ಆಮೇಲೆ ಸುಮ್ನೆ ಬಂದು ನನ್ನ ಕೈಯಿಂದ ಹೊದಿಕೆ ತೆಗೆದುಕೊಂಡು ಮಗಳಿಗೆ ಕೊಟ್ಟಳು. ಮೂಲೆಯನ್ನು ಹೇಗೆ ಮಡಚಿ ಹಾಸಿಗೆಯಡಿಗೆ ತುರುಕಬೇಕು ಅಂತ ತೋರಿಸಿದಳು. ಮೇಲಿನ ಮಂಚ ತೆಗೆದುಕೋ, ಕೆಳಗಿನದಾದರೆ ಎಲ್ಲರೂ ಅದರ ಮೇಲೇ ಬಂದು ಕೂರುತ್ತಾರೆ ಅಂದಳು. ಮಗಳು ಬ್ಯಾಗನ್ನು ಮೇಲಕ್ಕೆಸೆದಳು.

ನಾನು ಹೊರಗೆ ಬಂದಾಗ ಆ ಹುಡುಗಿ ಹಿಂದೆಯೇ ಬಂದಳು. ದೊಡ್ಡವರಿಗೆ ಬುದ್ಧಿ ಹೇಳುವ ದನಿ.

"ಆಂಟಿ, ಊಟಕ್ಕೆ ಮುಂಚೆಯೇ ಹೊರಡಿ. ಊಟ ಆದಮೇಲೆ ಹೊರಟರೆ ಅವಳಿಗೆ ನೇರ ಮಲಗುವ ಹೊತ್ತು. ಅದು ಕಷ್ಟ. ಮೊದಲೇ ಹೋದರೆ ಊಟಕ್ಕೆ ನಾವು ಕರೆದುಕೊಂಡು ಹೋಗುತ್ತೇವೆ. ಇವತ್ತು ಚಪಾತಿ."

ಇಂಥ ವಿದ್ಯೆಯನ್ನು ಒಂದು ಮಗು ಹೇಗೆ ಕಲಿಯಿತು ಅಂತ ನನಗೆ ಹೊಟ್ಟೆಯಲ್ಲಿ ಸಂಕಟ. ಅವಳ ಮಾತು ಮಾತ್ರ ನೂರಕ್ಕೆ ನೂರು ಸರಿ. ಊಟಕ್ಕೆ ಮುಂಚೆಯೇ ಹೊರಟೆವು. ಮಗಳು ಗೇಟಿನವರೆಗೆ ಬರಲಿಲ್ಲ. ಡಾರ್ಮ್‌ನ ಮೆಟ್ಟಿಲಿನಲ್ಲೇ ಅಪ್ಪನ ಸೊಂಟ ಹಿಡಿದು ನಿಂತಳು. ನನ್ನ ಹತ್ತಿರ ಬಂದು, "ಫೋನಿನಲ್ಲಿ ಪ್ರಾರ್ಥನೆ ಮಾಡಬೇಡ ಅಮ್ಮ, ಮಾತಾಡು" ಅಂದಳು. ಆಯ್ತು ಅಂದೆ.

ವಾಪಸು ಬರುವಾಗ ನನಗೆ ಬಲ್ಮಠದ ಸಂಡೇ ಸ್ಕೂಲ್ ನೆನಪಾಯಿತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು, ಮೊಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದದ್ದು, ಕಿಟ್ಟೆಲ್ 1894ರಲ್ಲಿ ನಿಘಂಟು ಅಚ್ಚುಹಾಕಿಸಿದ್ದು, ಇವೆಲ್ಲ ನಮಗೆ ಬಾಯಿಪಾಠ. ಅವರ ಮಕ್ಕಳ ವಿಷಯ ಯಾರೂ ಹೇಳಲಿಲ್ಲ. ಶಾಲೆಯ ವಯಸ್ಸು ಬಂದ ಮಕ್ಕಳನ್ನು ಹಡಗು ಹತ್ತಿಸಿ ಬಾಸೆಲಿಗೆ ಕಳಿಸುತ್ತಿದ್ದರು. ಅಲ್ಲಿ ಅವರಿಗೆಂದೇ ಮಿಷನ್ನಿನ ಮಕ್ಕಳ ಮನೆ ಇತ್ತು. ಎಷ್ಟೋ ಮಕ್ಕಳು ಅಪ್ಪ ಅಮ್ಮನನ್ನು ಮತ್ತೆ ನೋಡುವಷ್ಟರಲ್ಲಿ ದೊಡ್ಡವರಾಗಿದ್ದರು.

ಅದೇ ಮಿಷನ್ನಿನ ಹೆರ್ಮನ್ ಗುಂಡರ್ಟರ ಮಗಳು ಮರೀ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ಚಿಕ್ಕವಳಿರುವಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಬಂದರು. ಅವಳು ತಿರುಗಿ ಬಂದದ್ದು ಹದಿಹರೆಯದ ಹುಡುಗಿಯಾಗಿ. ಮುಂದೆ ಅವಳ ಮಗ, ನೊಬೆಲ್ ಪಡೆದ ಹೆರ್ಮನ್ ಹೆಸ್ಸೆ, ಅಪ್ಪ ಅಮ್ಮ ಅದೇ ಬಾಸೆಲ್ ಊರಲ್ಲಿದ್ದರೂ ಸ್ವಲ್ಪ ಕಾಲ ಮಿಷನ್ನಿನ ಹುಡುಗರ ಮನೆಯಲ್ಲಿ ಉಳಿಯಬೇಕಾಯಿತು. ಹುಡುಗ ತುಂಬ ಹಟಮಾರಿ ಅಂತ.

ನಕುರು ದಾಟಿದ ಮೇಲೆ ಇದನ್ನು ಗಂಡನಿಗೆ ಹೇಳಿದೆ. "ಅವರು ಮಂಗಳೂರಲ್ಲೇ ಇಟ್ಟುಕೊಂಡಿದ್ದರೆ ಎಷ್ಟು ಮಕ್ಕಳು ಜ್ವರಕ್ಕೆ ಹೋಗುತ್ತಿದ್ದರೋ. ನಮ್ಮ ಗೋರಿಗಳ ಅಂಗಳದಲ್ಲಿ ನೀನೇ ನೋಡಿಲ್ವಾ, ಎಷ್ಟು ಸಣ್ಣ ಸಣ್ಣ ಕಲ್ಲುಗಳು" ಅಂದರು. ಅದೂ ನಿಜವೇ. ಆದರೆ ನನ್ನ ತಕರಾರು ಕಳಿಸಿದ್ದರ ಬಗ್ಗೆ ಅಲ್ಲ. ಚರ್ಚಿನ ಸಭೆಯಲ್ಲಿ ಮಿಷನರಿಗಳ ತ್ಯಾಗ ಅಂತ ಹೊಗಳುತ್ತಾರಲ್ಲ, ಅದರ ಬಗ್ಗೆ. ಕಾಣಿಕೆ ಹಾಕಿದ್ದು ಮಕ್ಕಳ ಜೇಬಿನಿಂದ, ರಶೀದಿ ಮಾತ್ರ ಅಪ್ಪ ಅಮ್ಮನ ಹೆಸರಿನಲ್ಲಿ. ದೇವರ ಕರೆ ಬಂದದ್ದು ನಮಗೆ. ಅವಳಿಗೆ ಬಂದದ್ದು ಟ್ರಂಕು. ನಾವು ಮಂಗಳೂರಿಗೆ ಹೋದಾಗಲೆಲ್ಲ "ನೀವು ಎಷ್ಟೆಲ್ಲ ಬಿಟ್ಟು ಹೋಗಿದ್ದೀರಿ" ಅನ್ನುತ್ತಾರೆ. ಪಕ್ಕದಲ್ಲಿ ಬಾದಾಮಿ ಹಲ್ವ ತಿನ್ನುತ್ತಾ ಕೂತ ಹುಡುಗಿಯನ್ನು ಯಾರೂ ಕೇಳುವುದಿಲ್ಲ.

ಗಂಡ ಉತ್ತರ ಕೊಡಲಿಲ್ಲ. ಎಲ್ಡೊರೆಟ್‌ನಲ್ಲಿ ಚಹಾಕ್ಕೆ ನಿಲ್ಲಿಸಿದರು. ಚಹಾ ಚೆನ್ನಾಗಿತ್ತು.

ನಮ್ಮಂಥವರಿಗೆ ಪ್ರಾರ್ಥನಾ ಪತ್ರ ಅಂತ ಒಂದು ಕೆಲಸ ಇರುತ್ತದೆ. ಊರಿನ ಸಭೆಗೆ, ಹಣ ಕಳಿಸುವವರಿಗೆ, ಆಗಾಗ ಸುದ್ದಿ ಬರೆಯಬೇಕು. ಆ ತಿಂಗಳದ್ದನ್ನು ಗಂಡ ಬರೆದಿದ್ದರು. ಆಪರೇಷನ್‌ಗಳು, ಹೊಸ ಜನರೇಟರ್, ಕೊನೆಗೆ "ಮಗಳು ಸಂತೋಷದಿಂದ ಹೊಸ ಶಾಲೆ ಸೇರಿದಳು, ದೇವರಿಗೆ ಸ್ತೋತ್ರ." ನಾನು ಸಂತೋಷದಿಂದ ಅನ್ನುವುದನ್ನು ಹೊಡೆದು ಹಾಕಿದೆ. ಅವರು ಮತ್ತೆ ಬರೆದರು. ಸ್ವಲ್ಪ ಜಗಳವೇ ಆಯಿತು. ಅಳುತ್ತಿದ್ದಾಳೆ ಅಂತ ಬರೆದರೆ ಜನ ಏನು ತಿಳಿದುಕೊಳ್ಳುತ್ತಾರೆ ಅಂತ ಅವರು. ಸುಳ್ಳು ಯಾಕೆ ಬರೆಯಬೇಕು ಅಂತ ನಾನು.

ಆ ಭಾನುವಾರ ಫೋನಿನಲ್ಲಿ ಮಗಳನ್ನೇ ಕೇಳಿದೆವು. ಏನು ಬರೆಯೋಣ ಹೇಳು. ಅವಳು ಸ್ವಲ್ಪ ಯೋಚಿಸಿದಳು.

"ಚಳಿ ಇದೆ ಅಂತ ಬರೀರಿ. ಸ್ವೆಟರ್ ಒಂದು ಸಾಕಾಗಲ್ಲ. ಚಪಾತಿ ಚೆನ್ನಾಗಿದೆ, ಪಲ್ಯ ಚೆನ್ನಾಗಿಲ್ಲ. ರಾತ್ರಿ ಇಷ್ಟ ಆಗಲ್ಲ, ಹಗಲು ಇಷ್ಟ ಆಗ್ತದೆ. ಡಿಸೆಂಬರ್‌ನಲ್ಲಿ ಮನೆಗೆ ಬರ್ತೇನೆ. ಸ್ತೋತ್ರ ಗಿತ್ರ ನೀವು ಹಾಕಿಕೊಳ್ಳಿ."

ಕೊನೆಯ ಸಾಲೊಂದನ್ನು ಬಿಟ್ಟು ಗಂಡ ಹಾಗೆಯೇ ಟೈಪ್ ಮಾಡಿದರು. ಕಳಿಸಿದ ಮರುದಿನವೇ ಮಂಗಳೂರಿನ ಜೆಪ್ಪುವಿನಿಂದ ಚಿಕ್ಕಮ್ಮನ ಮೆಸೇಜ್ ಬಂತು. ಜನರೇಟರ್ ಬಗ್ಗೆ ಒಂದು ಅಕ್ಷರ ಇಲ್ಲ. ಅವಳ ಎದೆಯ ಅಳತೆ ಎಷ್ಟು, ನೀಲಿ ಬಣ್ಣ ಆಗಬಹುದಾ, ಕೇಳಿ ಹೇಳು ಅಂತ.